ಮನೆಯಲ್ಲೇ ಮಾಡಿದ ಆರ್ಕೇಡ್ ಕ್ಯಾಬಿನೆಟ್‌ಗೆ ಸ್ಪೀಕರ್ ಆರಿಸುವುದು ಹೇಗೆ?

"ಕ್ಯಾಬಿನೆಟ್ ರೆಡಿ ಇದೆ, ಎಷ್ಟು ವ್ಯಾಟ್‌ನ ಸ್ಪೀಕರ್ ಹಾಕಲಿ?" ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕ್ಯಾಬಿನೆಟ್ ಅಂದರೆ ಇಲ್ಲಿ ಪರದೆ, ಬಟನ್ ಎಲ್ಲ ಇರುವ, ವಿಡಿಯೋ ಗೇಮ್ ಆಡುವ ಮರದ ಪೆಟ್ಟಿಗೆ. ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆದು ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ಆ ಪ್ರಶ್ನೆಯಲ್ಲೇ ಎರಡು ಎಡವಟ್ಟಿದೆ. ಕ್ಯಾಬಿನೆಟ್ ಪೂರ್ತಿ ಮುಗಿದ ಮೇಲೆ ಸ್ಪೀಕರ್ ನೆನಪಾಗಿದೆ, ಅದು ಒಂದು. ವ್ಯಾಟ್‌ನಿಂದ ಲೆಕ್ಕ ಶುರುವಾಗಿದೆ, ಅದು ಇನ್ನೊಂದು. ಸ್ಪೀಕರ್ ಎಲ್ಲಿ ಕೂರುತ್ತದೆ, ಯಾವ ಕಡೆ ಮುಖ ಮಾಡುತ್ತದೆ, ಹಲಗೆಗೆ ಎಷ್ಟು ಬಿಗಿಯಾಗಿ ಕಚ್ಚಿಕೊಂಡಿದೆ ಅನ್ನುವುದರ ಮೇಲೆ ಸದ್ದು ನಿಂತಿದೆ. ಸಾಧಾರಣ ಸ್ಪೀಕರನ್ನು ಸರಿಯಾಗಿ ಕೂರಿಸಿದರೆ ಚೆನ್ನಾಗಿ ಕೇಳುತ್ತದೆ. ದುಬಾರಿ ಸ್ಪೀಕರನ್ನು ಒಳಗೆ ಸುಮ್ನೆ ಎಸೆದರೆ ಡಬ್ಬದೊಳಗೆ ಯಾರೋ ಮಾತಾಡಿದ ಹಾಗಿರುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಒಂದು ಜೊತೆ ಸ್ಪೀಕರ್, ಒಂದು ಚಿಕ್ಕ ಆಂಪ್ಲಿಫೈಯರ್ (ಇನ್ನು ಮುಂದೆ ಆಂಪ್ ಅನ್ನುತ್ತೇನೆ), ಅದಕ್ಕೊಂದು ಅಡಾಪ್ಟರ್, ಸ್ವಲ್ಪ ವೈರ್, ಗ್ರಿಲ್, ನಟ್-ಬೋಲ್ಟ್, ಫೋಮ್ ಟೇಪ್. ಅಳತೆ ಟೇಪ್, ಜಿಗ್‌ಸಾ ಅಥವಾ ಹೋಲ್ ಸಾ, ಡ್ರಿಲ್, ಒಂದು 1.5 ವೋಲ್ಟ್ ಸೆಲ್ ಹತ್ತಿರ ಇಟ್ಟುಕೊಳ್ಳಿ. ಸೆಲ್ ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ.

ಹಂತ 1: ನೀವು ಆಡುವ ಆಟಗಳು ಯಾವ ಕಾಲದವು ನೋಡಿ

ಹಳೆಯ ಆರ್ಕೇಡ್ ಯಂತ್ರಗಳಲ್ಲಿ ಬಹುಪಾಲು ಮಾನೋ. ಅಂದರೆ ಎಡಕ್ಕೊಂದು ಬಲಕ್ಕೊಂದು ಅಂತಿಲ್ಲ, ಬರುವುದು ಒಂದೇ ಸದ್ದು. 1978ರ ಸ್ಪೇಸ್ ಇನ್ವೇಡರ್ಸ್ ಮಾನೋ. 1980ರ ಪ್ಯಾಕ್-ಮ್ಯಾನ್ ಮಾನೋ. 1991ರ ಸ್ಟ್ರೀಟ್ ಫೈಟರ್ 2 ಕೂಡ ಮಾನೋನೇ. 1980ರ ದಶಕದ ಮಧ್ಯದಲ್ಲಿ ಜಾಮಾ ಅನ್ನುವ ವೈರಿಂಗ್ ಪದ್ಧತಿ ಬಂತು. ಗೇಮ್ ಬೋರ್ಡನ್ನು ಕ್ಯಾಬಿನೆಟ್‌ಗೆ ಸಿಕ್ಕಿಸುವ 56 ಪಿನ್‌ನ ಕನೆಕ್ಟರ್ ಅದು. ಅದರಲ್ಲಿ ಸ್ಪೀಕರ್‌ಗೆ ಇದ್ದಿದ್ದು ಎರಡೇ ಪಿನ್, ಒಂದು ಪ್ಲಸ್, ಒಂದು ಮೈನಸ್. ಆಂಪ್ ಗೇಮ್ ಬೋರ್ಡ್ ಮೇಲೆಯೇ ಇರುತ್ತಿತ್ತು. 1993ರ ಸೂಪರ್ ಸ್ಟ್ರೀಟ್ ಫೈಟರ್ 2ರಂಥ ಆಟಗಳ ಹೊತ್ತಿಗೆ ಸ್ಟೀರಿಯೋ ಮಾಮೂಲಾಗುತ್ತಾ ಬಂತು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಆ ಆಟಗಳ ಸದ್ದಿನಲ್ಲಿ ತೀರಾ ತೆಳು ದನಿಯೂ ಕಡಿಮೆ, ನೆಲ ನಡುಗಿಸುವ ದಪ್ಪ ದನಿಯೂ ಕಡಿಮೆ. ಸ್ಟ್ರೀಟ್ ಫೈಟರ್ 2ರ ಕೂಗು, ಹೊಡೆತದ ಸದ್ದುಗಳನ್ನೇ ತಗೊಳ್ಳಿ. ಅವನ್ನು ಸೆಕೆಂಡಿಗೆ ಸುಮಾರು 7,600 ಸಲ ಅಳೆದು ಚಿಪ್‌ನಲ್ಲಿ ತುಂಬಿಟ್ಟಿದ್ದಾರೆ. ಹಾಗೆ ತುಂಬಿದ ಸದ್ದಿನಲ್ಲಿ ಅದರ ಅರ್ಧಕ್ಕಿಂತ, ಅಂದರೆ 3,800 ಹರ್ಟ್ಜ್‌ಗಿಂತ (ಸೆಕೆಂಡಿಗೆ ಅಷ್ಟು ಕಂಪನ) ಮೇಲಿನ ದನಿ ಉಳಿಯುವುದೇ ಇಲ್ಲ. ಹಿನ್ನೆಲೆ ಸಂಗೀತ ಬೇರೆ ಚಿಪ್‌ನಿಂದ ಬರುವುದರಿಂದ ಅದು ಇನ್ನೂ ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಒಟ್ಟಿನಲ್ಲಿ 100 ಹರ್ಟ್ಜ್‌ನಿಂದ 10,000 ಹರ್ಟ್ಜ್‌ವರೆಗೆ ಸ್ಪಷ್ಟವಾಗಿ ನುಡಿಸುವ ಸ್ಪೀಕರ್ ಇದ್ದರೆ ಈ ಆಟಗಳಿಗೆ ಹೇಳಿ ಮಾಡಿಸಿದ ಹಾಗೆ.

ಅದೇ ಕ್ಯಾಬಿನೆಟ್‌ನಲ್ಲಿ ಹೊಸ ರೇಸಿಂಗ್ ಆಟ, ಹಾಡು ಎಲ್ಲ ಹಾಕುತ್ತೀರಾ? ಹಾಗಿದ್ದರೆ ಸ್ಟೀರಿಯೋ ಬೇಕೇ ಬೇಕು, ಟ್ವೀಟರ್ ಇರುವ ಸ್ಪೀಕರ್ ಒಳ್ಳೆಯದು. ಟ್ವೀಟರ್ ಅಂದರೆ ತೆಳು ದನಿಗೆಂದೇ ಇರುವ ಪುಟ್ಟ ಸ್ಪೀಕರ್. ಹಳೆಯ ಆಟ ಮಾತ್ರ ಆಡುವವರೂ ಎರಡು ಸ್ಪೀಕರ್ ಹಾಕಿದರೆ ನಷ್ಟವಿಲ್ಲ, ಎರಡರಲ್ಲೂ ಒಂದೇ ಸದ್ದು ಬರುತ್ತದೆ ಅಷ್ಟೇ.

ಹಂತ 2: ಕೊಳ್ಳುವ ಮೊದಲು ಜಾಗ ಅಳೆಯಿರಿ

ಸ್ಪೀಕರ್ ಕೂರಿಸಲು ಒಳ್ಳೆಯ ಜಾಗ ಒಂದೇ. ಮೇಲ್ಗಡೆ ಆಟದ ಹೆಸರಿನ ಬೋರ್ಡ್ ಇರುತ್ತದಲ್ಲ, ದೀಪ ಹತ್ತುವ ಆ ಭಾಗಕ್ಕೆ ಮಾರ್ಕ್ವೀ ಅನ್ನುತ್ತಾರೆ. ಅದರ ಕೆಳಗೆ, ಪರದೆಯ ಮೇಲೆ, ಮುಂದಕ್ಕೆ ಬಾಗಿದ ಒಂದು ಹಲಗೆ ಬರುತ್ತದೆ. ಅಲ್ಲಿ ಕೂರಿಸಿದ ಸ್ಪೀಕರ್ ಆಡುವವರ ಮುಖದ ಕಡೆ ನೋಡುತ್ತದೆ. ತೆಳು ದನಿ ಟಾರ್ಚ್ ಬೆಳಕಿನ ಹಾಗೆ, ಸ್ಪೀಕರ್ ಎತ್ತ ನೋಡುತ್ತದೋ ಅತ್ತಲೇ ಹೋಗುತ್ತದೆ. ಮೊಣಕಾಲಿನ ಹತ್ತಿರ ಕೂರಿಸಿದರೆ ಆ ದನಿಯೆಲ್ಲ ನಿಮ್ಮ ಪ್ಯಾಂಟಿಗೆ ಕೇಳುತ್ತದೆ. ಹಿಂದಿನ ಬಾಗಿಲ ಕಡೆ ಕೂರಿಸಿದರೆ ಗೋಡೆಗೆ. ಮೇಲೆ ನಿಜಕ್ಕೂ ಜಾಗ ಇಲ್ಲದಿದ್ದರೆ ಪರದೆಯ ಎರಡೂ ಪಕ್ಕ, ಅದೂ ಆಗದಿದ್ದರೆ ಕಂಟ್ರೋಲ್ ಪ್ಯಾನೆಲ್ (ಜಾಯ್‌ಸ್ಟಿಕ್, ಬಟನ್ ಇರುವ ಹಲಗೆ) ಕೆಳಗಿನ ಮುಂಭಾಗ.

ಈ ನಾಲ್ಕು ಅಳತೆ ಬರೆದಿಟ್ಟುಕೊಳ್ಳಿ:

- ಹಲಗೆಯ ಅಗಲ. ಎರಡು ಸ್ಪೀಕರ್ ಕೂತ ಮೇಲೂ ಅಂಚಿನಲ್ಲಿ ಬೆರಳಗಲ ಮರ ಉಳಿಯಬೇಕು.
- ಹಲಗೆಯ ಎತ್ತರ. ನಾಲ್ಕು ಇಂಚಿನ ಸ್ಪೀಕರ್ ಕೂರುತ್ತದೋ ಆರೂವರೆ ಇಂಚಿನದೋ ಇದರಿಂದ ತೀರ್ಮಾನ.
- ಹಲಗೆಯ ಹಿಂದಿನ ಆಳ. ಬಹಳ ಜನ ಮರೆಯುವುದು ಇದನ್ನೇ. ಸ್ಪೀಕರ್‌ನ ಹಿಂದೆ ಆಯಸ್ಕಾಂತದ ಗುಪ್ಪೆ ಇರುತ್ತದೆ, ಅದಕ್ಕೆ ಜಾಗ ಬೇಕು. ಮಾರ್ಕ್ವೀ ದೀಪವೂ ಅದೇ ಗೂಡಿನಲ್ಲಿ ಇರುತ್ತದೆ. ಎರಡೂ ಒಂದಕ್ಕೊಂದು ತಾಗಿದರೆ ಮುಗಿಯಿತು ಕಥೆ.
- ಪರದೆಗೂ ಸ್ಪೀಕರ್‌ಗೂ ಇರುವ ದೂರ. ಹಳೆಯ ಪಿಕ್ಚರ್ ಟ್ಯೂಬ್ ಪರದೆ ಇದ್ದರೆ ಮಾತ್ರ ಇದು ಮುಖ್ಯ.

"ನಾಲ್ಕು ಇಂಚು" ಅಂತ ಡಬ್ಬಿಯ ಮೇಲೆ ಬರೆದಿದ್ದನ್ನು ನಂಬಿ ತೂತು ಕೊರೆಯಬೇಡಿ. ಅದು ಹೆಸರಿಗೆ ಇಟ್ಟ ಅಳತೆ. ಹೊರಗಿನ ಅಂಚಿನ ಅಳತೆ ಬೇರೆ, ಕೊರೆಯಬೇಕಾದ ತೂತಿನ ಅಳತೆ ಬೇರೆ. ಸ್ಪೀಕರ್ ಕೈಗೆ ಬಂದ ಮೇಲೆ ನೀವೇ ಅಳೆದು ಕೊರೆಯಿರಿ.

ಹಂತ 3: ಪಿಕ್ಚರ್ ಟ್ಯೂಬ್ ಇದೆಯಾ?

ಎಲ್‌ಸಿಡಿ ಅಥವಾ ಎಲ್‌ಇಡಿ ಪರದೆ ಇದ್ದವರು ಈ ಹಂತ ಬಿಟ್ಟು ಮುಂದೆ ಹೋಗಿ. ಟ್ಯೂಬ್ ಇದ್ದರೆ, ಸ್ಪೀಕರ್‌ನ ಆಯಸ್ಕಾಂತ ಟ್ಯೂಬಿನೊಳಗಿನ ಎಲೆಕ್ಟ್ರಾನ್ ಕಿರಣಗಳನ್ನು ಎಳೆಯುತ್ತದೆ. ಪರದೆಯ ಮೂಲೆಯಲ್ಲಿ ಹಸಿರು, ನೇರಳೆ ಕಲೆ ಕಾಣಿಸಿಕೊಳ್ಳುತ್ತದೆ. ಮ್ಯಾಗ್ನೆಟಿಕ್ ಶೀಲ್ಡ್ ಇರುವ ಸ್ಪೀಕರನ್ನೇ ತಗೊಳ್ಳಿ. ಅಂಥದ್ದರಲ್ಲಿ ಹಿಂದೆ ಇನ್ನೊಂದು ಆಯಸ್ಕಾಂತ ಉಲ್ಟಾ ಅಂಟಿಸಿ ಮೇಲೊಂದು ಲೋಹದ ಮುಚ್ಚಳ ಹಾಕಿರುತ್ತಾರೆ, ಆಯಸ್ಕಾಂತದ ಸೆಳೆತ ಹೊರಗೆ ಬರದಂತೆ. ಕಾರಿನ ಸ್ಪೀಕರ್‌ಗಳಲ್ಲಿ ಸಾಮಾನ್ಯವಾಗಿ ಈ ರಕ್ಷಣೆ ಇರುವುದಿಲ್ಲ. ಸ್ಕ್ರೂ ಬಿಗಿಯುವ ಮೊದಲೇ ಪರದೆ ಆನ್ ಮಾಡಿ, ಸ್ಪೀಕರನ್ನು ನಿಧಾನವಾಗಿ ಆ ಜಾಗಕ್ಕೆ ಹಿಡಿದು ಬಣ್ಣ ಕದಲುತ್ತದಾ ನೋಡಿ. ಇದನ್ನು ಮುಂದಿನಿಂದ, ಹೊರಗೆ ನಿಂತು ಮಾಡಿ. ಟ್ಯೂಬಿನ ಹಿಂಭಾಗದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಸ್ವಿಚ್ ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಅಲ್ಲಿಗೆ ಕೈ ಹಾಕಬೇಡಿ.

ಹಂತ 4: ಯಾವ ಬಗೆಯ ಸ್ಪೀಕರ್?

ಸುಲಭದ ದಾರಿ ಕಂಪ್ಯೂಟರ್ ಸ್ಪೀಕರ್. ಆಂಪ್, ಅಡಾಪ್ಟರ್, ವಾಲ್ಯೂಮ್ ತಿರುಗಣೆ ಎಲ್ಲ ಜೊತೆಗೇ ಬರುತ್ತದೆ. ಪ್ಲಾಸ್ಟಿಕ್ ಡಬ್ಬ ಬಿಚ್ಚಿ ಒಳಗಿನ ಸ್ಪೀಕರನ್ನು ಹಲಗೆಗೆ ಕೂರಿಸಬಹುದು, ಡಬ್ಬದ ಸಮೇತ ತೂತಿನ ಹಿಂದೆ ಒತ್ತಿ ಕೂರಿಸಲೂಬಹುದು. ಡಬ್ಬ ಚೆನ್ನಾಗಿದ್ದರೆ ನಾನು ಬಿಚ್ಚುವುದಿಲ್ಲ. ಆ ಸ್ಪೀಕರನ್ನು ಆ ಡಬ್ಬಕ್ಕೆ ಹೊಂದುವಂತೆಯೇ ಮಾಡಿರುತ್ತಾರೆ. ಇನ್ನೊಂದು ಮಾತು, ನೇರ ಮನೆಯ ಕರೆಂಟಿಗೆ ಸಿಕ್ಕಿಸುವ ಬಗೆಯಾದರೆ ಒಳಗೆ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅಂಥದ್ದನ್ನು ಬಿಚ್ಚಿ ಬೋರ್ಡನ್ನು ಬರಿದಾಗಿ ಕ್ಯಾಬಿನೆಟ್‌ನಲ್ಲಿ ನೇತುಹಾಕುವುದು ಅಪಾಯ. ಹೊರಗಿನ ಅಡಾಪ್ಟರ್‌ನಿಂದ ನಡೆಯುವುದನ್ನು ಆರಿಸಿ.

ಇಲ್ಲೊಂದು ಹಳ್ಳ ಇದೆ, ನಾನೇ ಬಿದ್ದಿದ್ದು. ಒಂದು ಜೊತೆ ಸ್ಪೀಕರ್ ಕೊಂಡು, ನೀಟಾಗಿ ಕೂರಿಸಿ, ಹಿಂದಿನ ಬಾಗಿಲು ಮುಚ್ಚಿ ಸ್ಕ್ರೂ ಹಾಕಿದೆ. ಮೇನ್ ಸ್ವಿಚ್ ಒತ್ತಿದರೆ ಪರದೆ ಬಂತು, ದೀಪ ಬಂತು, ಸದ್ದಿಲ್ಲ. ಆ ಸ್ಪೀಕರ್‌ನ ಬಟನ್ ರಿಮೋಟ್ ಬಟನ್ನಿನ ಜಾತಿಯದು. ಕರೆಂಟ್ ಬಂದ ಕೂಡಲೇ ಆನ್ ಆಗುವುದಿಲ್ಲ, ಪ್ರತಿ ಸಲ ಯಾರಾದರೂ ಒತ್ತಬೇಕು. ಬಟನ್ ಇರುವುದು ಕ್ಯಾಬಿನೆಟ್ ಒಳಗೆ! ಆದ್ದರಿಂದ ಕೊಳ್ಳುವಾಗಲೇ ಪರೀಕ್ಷೆ ಮಾಡಿ: ಆನ್ ಇರುವಾಗ ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ. ತಾನಾಗಿಯೇ ಹಾಡಿದರೆ ಮಾತ್ರ ತಗೊಳ್ಳಿ. ಒತ್ತಿದರೆ ಒಳಗೇ ನಿಲ್ಲುವ ಬಟನ್, ಅಥವಾ ತಿರುಗಿಸಿದಾಗ ಟಕ್ ಅಂತ ಆನ್ ಆಗುವ ವಾಲ್ಯೂಮ್ ತಿರುಗಣೆ ಇರುವುದಾದರೆ ಈ ತಲೆನೋವಿಲ್ಲ.

ಎರಡನೇ ದಾರಿ ಕಾರಿನ ಸ್ಪೀಕರ್. ನನ್ನ ಓಟು ಇದಕ್ಕೇ. ಕೋಆಕ್ಸಿಯಲ್ ಅಂತ ಕೇಳಿ. ದೊಡ್ಡ ಕೋನ್‌ನ (ನಡುಗಿ ಸದ್ದು ಹೊರಡಿಸುವ ಬಟ್ಟಲಿನಂಥ ಭಾಗ) ನಡುವೆಯೇ ಪುಟ್ಟ ಟ್ವೀಟರ್ ಕೂತಿರುತ್ತದೆ, ಹೀಗಾಗಿ ಒಂದೇ ತೂತಿನಲ್ಲಿ ಎರಡೂ ಬಗೆಯ ದನಿ. ಇವನ್ನು ಕಾರಿನ ಬಾಗಿಲಿಗೆ ಅಂತ ಮಾಡಿರುತ್ತಾರೆ. ಬಾಗಿಲು ಅಂದರೆ ಏನು? ಒಂದು ತಗಡು, ಅದರ ಹಿಂದೆ ಅಳತೆ ಇಲ್ಲದ ಪೊಳ್ಳು. ನಮ್ಮ ಕ್ಯಾಬಿನೆಟ್ ಕೂಡ ಹೆಚ್ಚುಕಡಿಮೆ ಅದೇ ಅಲ್ವಾ? ಮರದ ಹಲಗೆ, ಹಿಂದೆ ದೊಡ್ಡ ಪೊಳ್ಳು. ಹಾಗಾಗಿ ಲೆಕ್ಕ ಹಾಕಿ ಬೇರೆ ಡಬ್ಬ ಕಟ್ಟುವ ಗೋಜಿಲ್ಲ. ಜೊತೆಗೆ ಗ್ರಿಲ್ ಬರುತ್ತದೆ, ಸ್ಕ್ರೂ ತೂತು ಇರುತ್ತದೆ. ನಾಲ್ಕು ಅಥವಾ ಐದೂಕಾಲು ಇಂಚಿನವು ಸಾಕು. ಆರೂವರೆ ಇಂಚಿಗೆ ಜಾಗ ಇದ್ದರೆ ದಪ್ಪ ದನಿ ಇನ್ನೂ ಚೆನ್ನಾಗಿ ಬರುತ್ತದೆ.

ಮೂರನೆಯದು ಬಿಡಿ ಫುಲ್ ರೇಂಜ್ ಸ್ಪೀಕರ್, ಅಂದರೆ ಒಂದೇ ಕೋನ್‌ನಲ್ಲಿ ಎಲ್ಲ ದನಿ ನುಡಿಸುವಂಥದ್ದು, ಕಾಗದದ ಕೋನ್ ಇರುವಂಥದ್ದು. ಹಳೆಯ ಯಂತ್ರಗಳಲ್ಲಿ ಇರುತ್ತಿದ್ದುದು ಇದೇ ಜಾತಿ. ಹಳೆಯ ಆಟ ಮಾತ್ರ ಆಡುವವರಿಗೆ ಇದರ ಸದ್ದು ನೆನಪು ಕೆದಕುವಂತಿರುತ್ತದೆ. ಅಸಲಿ ಜಾಮಾ ಬೋರ್ಡ್ ಇಟ್ಟುಕೊಂಡವರು 8 ಓಮ್‌ನ ಇಂಥದ್ದೊಂದನ್ನು ಹಾಕಿ ಸುಮ್ಮನಾಗಬಹುದು. ಆದರೆ ಆ ಬೋರ್ಡ್‌ನಿಂದ ಬರುವ ಸ್ಪೀಕರ್ ವೈರನ್ನು ಇನ್ನೊಂದು ಆಂಪ್‌ನ ಇನ್‌ಪುಟ್‌ಗೆ ನೇರ ಸಿಕ್ಕಿಸಬೇಡಿ. ಅದು ಆಗಲೇ ದೊಡ್ಡದಾಗಿರುವ ಸಿಗ್ನಲ್, ಸದ್ದು ಒಡೆಯುತ್ತದೆ, ಬೋರ್ಡೇ ಕೆಟ್ಟರೂ ಕೆಟ್ಟೀತು.

ಬ್ಲೂಟೂತ್ ಸ್ಪೀಕರ್ ಹಾಕಬಹುದಾ ಅಂತ ಕೇಳುವವರಿಗೆ: ಬೇಡ. ಬ್ಲೂಟೂತ್‌ನಲ್ಲಿ ಸದ್ದು ತಡವಾಗಿ ಬರುತ್ತದೆ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರ ಓಡುತ್ತದೆ ಅಂದರೆ ಒಂದು ಚಿತ್ರಕ್ಕೆ ಸುಮಾರು 17 ಮಿಲಿಸೆಕೆಂಡ್. ಸದ್ದು 150 ಮಿಲಿಸೆಕೆಂಡ್ ತಡವಾದರೆ ಒಂಬತ್ತು ಚಿತ್ರ ಹಿಂದೆ ಬಿತ್ತು. ಗುದ್ದು ಬಿದ್ದು, ಎದುರಾಳಿ ಎದ್ದು ನಿಂತ ಮೇಲೆ "ಢಿಶುಂ" ಕೇಳುತ್ತದೆ. ಇನ್ನು ಟಿವಿಯನ್ನೇ ಪರದೆ ಮಾಡಿಕೊಂಡವರು ಅದರ ಸ್ಪೀಕರ್ ಸಾಕು ಅಂದುಕೊಳ್ಳುತ್ತಾರೆ. ಆ ಸ್ಪೀಕರ್ ಸಾಮಾನ್ಯವಾಗಿ ಹಿಂದಕ್ಕೋ ಕೆಳಕ್ಕೋ ಮುಖ ಮಾಡಿರುತ್ತದೆ, ಕ್ಯಾಬಿನೆಟ್ ಒಳಗೆ ಹೋದರೆ ಸದ್ದು ಪೂರ್ತಿ ಹೂತುಹೋಗುತ್ತದೆ.

ಹಂತ 5: ಡಬ್ಬಿಯ ಮೇಲಿನ ಅಂಕಿ ಓದುವುದು

ಈಗ ವ್ಯಾಟ್‌ಗೆ ಬರೋಣ. ಡಬ್ಬಿಯ ಮೇಲೆ ಮೂರು ಸಂಗತಿ ಹುಡುಕಿ.

ಮೊದಲನೆಯದು ಓಮ್. ಸ್ಪೀಕರ್ ಆಂಪ್‌ಗೆ ಒಡ್ಡುವ ತಡೆ ಇದು. ಕಾರಿನ ಸ್ಪೀಕರ್ ಸಾಮಾನ್ಯವಾಗಿ 4 ಓಮ್, ಹಳೆಯ ಆರ್ಕೇಡ್ ಸ್ಪೀಕರ್ 8 ಓಮ್. ಅಂಕಿ ಕಡಿಮೆ ಆದಷ್ಟೂ ಆಂಪ್ ಮೇಲೆ ಹೊರೆ ಜಾಸ್ತಿ. ಆಂಪ್ ಮೇಲೆ "4 ರಿಂದ 8 ಓಮ್" ಅಂತ ಇದ್ದರೆ ಎರಡೂ ನಡೆಯುತ್ತದೆ. ಒಂದೇ ಔಟ್‌ಪುಟ್‌ಗೆ ಎರಡು 4 ಓಮ್ ಸ್ಪೀಕರನ್ನು ಪಕ್ಕಪಕ್ಕ, ಅಂದರೆ ಪ್ಯಾರಲಲ್ ಆಗಿ ಜೋಡಿಸಿದರೆ ಒಟ್ಟು 2 ಓಮ್ ಆಗುತ್ತದೆ. ಅಲ್ಲಿ ಆಂಪ್ ಸುಡುತ್ತದೆ. ಒಂದರ ಬಾಲಕ್ಕೆ ಇನ್ನೊಂದರ ತಲೆ ಅಂತ ಸೀರೀಸ್‌ನಲ್ಲಿ ಜೋಡಿಸಿದರೆ 8 ಓಮ್, ತೊಂದರೆಯಿಲ್ಲ.

ಎರಡನೆಯದು ವ್ಯಾಟ್. ಆರ್‌ಎಂಎಸ್ ಅಂತ ಪಕ್ಕದಲ್ಲಿ ಇದ್ದರೆ ಮಾತ್ರ ಆ ಅಂಕಿಗೆ ಬೆಲೆ. ಸ್ಪೀಕರ್ ಹೊತ್ತುಗಟ್ಟಲೆ ತಡೆದುಕೊಳ್ಳುವ ಶಕ್ತಿ ಅದು. "ಮ್ಯಾಕ್ಸ್", "ಪೀಕ್", "ಪಿಎಂಪಿಒ" ಅಂತ ಬರೆದ ಸಾವಿರಗಟ್ಟಲೆ ಅಂಕಿಗಳನ್ನು ನೋಡಿ ನಕ್ಕು ಬಿಡಿ.

ಮೂರನೆಯದನ್ನು ಯಾರೂ ನೋಡುವುದಿಲ್ಲ, ನನ್ನ ಮಟ್ಟಿಗೆ ಅದೇ ಮುಖ್ಯ. ಸೆನ್ಸಿಟಿವಿಟಿ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ನಿಂತರೆ ಎಷ್ಟು ಡೆಸಿಬಲ್ ಕೇಳುತ್ತದೆ ಅನ್ನುವ ಅಂಕಿ. ಒಂದು ಲೆಕ್ಕ ಮಾಡೋಣ. ನಿಮ್ಮ ಸ್ಪೀಕರ್ 88 ಡೆಸಿಬಲ್‌ನದು ಅಂದುಕೊಳ್ಳಿ. ಆಡುವವರ ಕಿವಿಗೂ ಮಾರ್ಕ್ವೀ ಕೆಳಗಿನ ಸ್ಪೀಕರ್‌ಗೂ ಮಧ್ಯೆ ಹೆಚ್ಚೆಂದರೆ ಅರ್ಧ ಮೀಟರ್. ದೂರ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 6 ಡೆಸಿಬಲ್ ಏರುತ್ತದೆ. ಅಂದರೆ ಒಂದೇ ಒಂದು ವ್ಯಾಟ್‌ಗೆ 94 ಡೆಸಿಬಲ್. ಆ ಮಟ್ಟದಲ್ಲಿ ಪಕ್ಕದಲ್ಲಿ ನಿಂತವರ ಜೊತೆ ಮಾತಾಡಲು ಕಿರುಚಬೇಕು. ಹತ್ತು ವ್ಯಾಟ್ ಕೊಟ್ಟರೆ ಇನ್ನೂ 10 ಡೆಸಿಬಲ್ ಏರಿ 104 ಆಗುತ್ತದೆ, ಮನೆಯವರು ಪ್ಲಗ್ ಕೀಳುತ್ತಾರೆ.

ವ್ಯಾಟ್ ದುಪ್ಪಟ್ಟಾದರೆ ಸಿಗುವುದು ಬರೀ 3 ಡೆಸಿಬಲ್. 85 ಡೆಸಿಬಲ್‌ನ ಸ್ಪೀಕರ್ ಬದಲು 91ರದ್ದು ತಗೊಂಡರೆ, ಆಂಪ್ ನಾಲ್ಕು ಪಟ್ಟು ದೊಡ್ಡದು ಮಾಡಿದಷ್ಟೇ ಲಾಭ. ಈಗ ಹೇಳಿ, 200 ವ್ಯಾಟ್ ಯಾಕೆ ಬೇಕು? ಒಂದೊಂದು ಸ್ಪೀಕರ್‌ಗೆ 10ರಿಂದ 15 ವ್ಯಾಟ್ ಸಿಕ್ಕರೆ ದಂಡಿಯಾಯಿತು.

ಹಂತ 6: ಆಂಪ್ ಮತ್ತು ಅದರ ಕರೆಂಟ್

ಬೋರ್ಡ್ ರೂಪದಲ್ಲಿ ಸಿಗುವ ಚಿಕ್ಕ ಆಂಪ್‌ಗಳು ಹೆಚ್ಚಾಗಿ ಕ್ಲಾಸ್ ಡಿ ಬಗೆಯವು. ಜಾಸ್ತಿ ಬಿಸಿಯಾಗುವುದಿಲ್ಲ, ಮುಚ್ಚಿದ ಕ್ಯಾಬಿನೆಟ್‌ಗೆ ಅದೇ ಸರಿ. ಪಿಎಎಂ8403 ಅನ್ನುವ ಚಿಪ್‌ನದು ಬೆರಳ ತುದಿಯಷ್ಟಿರುತ್ತದೆ, 5 ವೋಲ್ಟ್‌ಗೆ ನಡೆಯುತ್ತದೆ, ಸ್ಪೀಕರ್‌ಗೆ 3 ವ್ಯಾಟ್ ಅನ್ನುತ್ತಾರೆ. ಮೇಜಿನ ಮೇಲಿಡುವ ಪುಟಾಣಿ ಕ್ಯಾಬಿನೆಟ್‌ಗೆ ಸಾಕು. ಆಳೆತ್ತರದ ಕ್ಯಾಬಿನೆಟ್‌ಗೆ ಟಿಪಿಎ3116 ಚಿಪ್ ಇರುವ ಬೋರ್ಡ್ ನೋಡಿ.

ಬೋರ್ಡ್ ಮೇಲೆ "50+50 ವ್ಯಾಟ್" ಅಂತ ಬರೆದಿದ್ದರೂ ನಿಜವಾಗಿ ಸಿಗುವುದು ನೀವು ಕೊಡುವ ವೋಲ್ಟ್ ಮೇಲೆ. 12 ವೋಲ್ಟ್ ಕೊಟ್ಟರೆ 8 ಓಮ್ ಸ್ಪೀಕರ್‌ಗೆ ಸುಮಾರು 9 ವ್ಯಾಟ್, 4 ಓಮ್‌ಗೆ ಸುಮಾರು 18 ವ್ಯಾಟ್, ಅದಕ್ಕಿಂತ ಮೇಲೆ ಸದ್ದು ಒಡೆಯುತ್ತದೆ. ಹಿಂದಿನ ಹಂತದ ಲೆಕ್ಕ ನೆನಪಿದ್ದರೆ, ಇಷ್ಟು ಧಾರಾಳ ಸಾಕು. 12 ವೋಲ್ಟ್, 3 ಆಂಪಿಯರ್ ಅಡಾಪ್ಟರ್ ಒಂದು ತಗೊಳ್ಳಿ.

ಆ ಅಡಾಪ್ಟರ್ ಆಂಪ್‌ಗೆ ಮಾತ್ರ ಮೀಸಲಿರಲಿ. ಎಲ್‌ಇಡಿ ಪಟ್ಟಿ, ಫ್ಯಾನ್, ರಾಸ್ಪ್‌ಬೆರಿ ಪೈ (ಅಂಗೈಯಗಲದ ಪುಟ್ಟ ಕಂಪ್ಯೂಟರ್) ಎಲ್ಲವನ್ನೂ ಒಂದಕ್ಕೇ ಕಟ್ಟಿದರೆ ಸ್ಪೀಕರ್‌ನಲ್ಲಿ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಸದ್ದು ಬರುತ್ತದೆ.

ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಈ ಬಗೆಯ ಆಂಪ್‌ಗಳಲ್ಲಿ ಎಡ ಸ್ಪೀಕರ್‌ನ ಮೈನಸ್, ಬಲ ಸ್ಪೀಕರ್‌ನ ಮೈನಸ್ ಎರಡೂ ಬೇರೆ ಬೇರೆ. ಮೈನಸ್ ಎರಡೂ ಒಂದೇ ತಾನೇ ಅಂತ ವೈರ್ ಉಳಿಸಲು ಅವನ್ನು ಕೂಡಿಸಬೇಡಿ, ಕ್ಯಾಬಿನೆಟ್‌ನ ಗ್ರೌಂಡ್‌ಗೂ ತಾಗಿಸಬೇಡಿ. ಎರಡು ಸ್ಪೀಕರ್‌ಗೆ ನಾಲ್ಕು ವೈರ್, ಬಿಡಿಬಿಡಿಯಾಗಿ.

ಸಿಗ್ನಲ್ ಎಲ್ಲಿಂದ ಬರುತ್ತದೆ ಅನ್ನುವುದನ್ನೂ ನೋಡಿ. ಕಂಪ್ಯೂಟರ್ ಆದರೆ ಹಸಿರು ಜ್ಯಾಕ್ ಇದ್ದೇ ಇದೆ. ರಾಸ್ಪ್‌ಬೆರಿ ಪೈ 4ರವರೆಗಿನ ದೊಡ್ಡ ಬೋರ್ಡ್‌ಗಳಲ್ಲಿ ಹೆಡ್‌ಫೋನ್ ಜ್ಯಾಕ್ ಇದೆ, ಅದರ ಸದ್ದಿನಲ್ಲಿ ಸ್ವಲ್ಪ ಸರಪರ ಇರುತ್ತದೆ. ಪೈ 5ರಲ್ಲಿ ಜ್ಯಾಕೇ ಇಲ್ಲ. ಎರಡಕ್ಕೂ ಯುಎಸ್‌ಬಿ ಸೌಂಡ್ ಕಾರ್ಡ್ ಒಂದು ಹಾಕಿದರೆ ಸರಿಹೋಗುತ್ತದೆ. ಪರದೆಗೆ ಎಚ್‌ಡಿಎಂಐ ಮೂಲಕ ಸದ್ದು ಹೋಗುತ್ತಿದ್ದರೆ ಪರದೆಯ ಹೆಡ್‌ಫೋನ್ ಜ್ಯಾಕ್‌ನಿಂದಲೂ ತೆಗೆಯಬಹುದು.

ಹಂತ 7: ಕೊರೆಯುವುದು, ಕೂರಿಸುವುದು

ಈ ಹಂತದಲ್ಲಿ ಅವಸರ ಮಾಡಬೇಡಿ. ಮೊದಲು ಒಂದು ಪ್ರಯೋಗ ಮಾಡಿ ನೋಡಿ. ಬರೀ ಸ್ಪೀಕರನ್ನು ಆಂಪ್‌ಗೆ ಜೋಡಿಸಿ, ಕೈಯಲ್ಲಿ ಹಿಡಿದು ಆಟದ ಸಂಗೀತ ಹಾಕಿ. ತಗಡಿನ ಡಬ್ಬಿ ಬಡಿದ ಹಾಗೆ ತೆಳ್ಳಗೆ ಕೇಳುತ್ತದೆ. ಈಗ ಒಂದು ದೊಡ್ಡ ರಟ್ಟಿನಲ್ಲಿ ಕೋನ್ ಅಳತೆಯ ತೂತು ಮಾಡಿ ಅದರ ಹಿಂದಕ್ಕೆ ಸ್ಪೀಕರನ್ನು ಒತ್ತಿ ಹಿಡಿಯಿರಿ. ತಟ್ಟನೆ ಸದ್ದು ತುಂಬಿಕೊಳ್ಳುತ್ತದೆ, ಎಲ್ಲಿತ್ತೋ ಆ ದಪ್ಪ ದನಿ ಬಂದುಬಿಡುತ್ತದೆ. ರಟ್ಟನ್ನು ಅರ್ಧ ಇಂಚು ದೂರ ಸರಿಸಿ, ಮತ್ತೆ ಮಾಯ. ಕೋನ್ ಮುಂದಕ್ಕೆ ಗಾಳಿ ತಳ್ಳಿದಾಗ ಹಿಂದಿನಿಂದ ಎಳೆಯುತ್ತದೆ. ಮಧ್ಯೆ ತಡೆ ಇಲ್ಲದಿದ್ದರೆ ಮುಂದಿನ ಗಾಳಿ ಸುತ್ತಿಬಳಸಿ ಹಿಂದಕ್ಕೆ ಹೋಗಿ, ಒಂದನ್ನೊಂದು ಅಳಿಸಿಬಿಡುತ್ತವೆ. ಸ್ಪೀಕರ್ ಅಂಚಿನಲ್ಲಿ ಒಂದು ಕಡ್ಡಿ ತೂರುವಷ್ಟು ಸಂದು ಇದ್ದರೂ ಆ ಸೋರಿಕೆ ನಡೆಯುತ್ತದೆ.

ಹಾಗಾಗಿ ಸ್ಪೀಕರ್ ಮತ್ತು ಹಲಗೆಯ ನಡುವೆ ಸುತ್ತಲೂ ಫೋಮ್ ಟೇಪ್ ಹಾಕಿ. ಬಾಗಿಲು ಕಿಟಕಿಗೆ ಅಂಟಿಸುವ ಫೋಮ್ ಪಟ್ಟಿ ಸಾಕು. ಟೇಪ್‌ನ ಎರಡು ತುದಿ ಸೇರುವ ಕಡೆ ಸಂದು ಬಿಡಬೇಡಿ.

ಸ್ಪೀಕರ್ ಹಲಗೆ 12 ಮಿಲಿಮೀಟರ್ ಆದರೂ ಇರಲಿ. 18 ಮಿಲಿಮೀಟರ್ ಹಲಗೆಯಾದರೆ ಗಟ್ಟಿ, ಆದರೆ ಚಿಕ್ಕ ಸ್ಪೀಕರನ್ನು ಹಿಂದಿನಿಂದ ಕೂರಿಸಿದಾಗ ತೂತು ಒಂದು ಪುಟ್ಟ ಸುರಂಗದ ಹಾಗಾಗುತ್ತದೆ. ತೂತಿನ ಹೊರ ಅಂಚನ್ನು ಅರದಿಂದ ಓರೆಯಾಗಿ ಉಜ್ಜಿ ಅಗಲ ಮಾಡಿ, ದನಿ ಬಿಡುಬೀಸಾಗಿ ಹೊರಬರುತ್ತದೆ.

ಮುಖ ಕೆಳಗೆ ಮಾಡಿ ನೇತಾಡುವ ಸ್ಪೀಕರ್ ಇದು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ಮರದ ಸ್ಕ್ರೂ ಹಾಕಿದರೆ ಒಂದೆರಡು ಸಲ ಬಿಚ್ಚಿ ಹಾಕುವಷ್ಟರಲ್ಲಿ ಹಲಗೆ ಪುಡಿಪುಡಿಯಾಗಿ ಹಿಡಿತ ಬಿಡುತ್ತದೆ. ಹಲಗೆ ತೂರಿ ಹೋಗುವ ಬೋಲ್ಟ್, ವಾಷರ್, ನಟ್ ಹಾಕಿ. ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವಾಗಿ ಬಿಗಿ ಮಾಡಿ. ಒಂದೇ ಕಡೆ ಪೂರ್ತಿ ಬಿಗಿದರೆ ಸ್ಪೀಕರ್ ಚೌಕಟ್ಟು ತಿರುಚಿಕೊಂಡು ಕೋನ್ ಒಳಗೆ ಉಜ್ಜುತ್ತದೆ. ಡ್ರಿಲ್ ಮಾಡುವಾಗ ಸ್ಪೀಕರನ್ನು ದೂರ ಇಡಿ. ಲೋಹದ ಪುಡಿ ಆಯಸ್ಕಾಂತಕ್ಕೆ ಅಂಟಿದರೆ ತೆಗೆಯಲು ಸಾಧ್ಯವೇ ಇಲ್ಲ. ಡ್ರೈವರ್ ಜಾರಿ ಕೋನ್ ಹರಿಯುವುದೂ ಮಾಮೂಲು, ಕೋನ್ ಮೇಲೆ ಒಂದು ರಟ್ಟು ಮುಚ್ಚಿಕೊಂಡೇ ಬಿಗಿಯಿರಿ.

ಗ್ರಿಲ್ ಬೇಕೇ ಬೇಕು, ಮಕ್ಕಳ ಬೆರಳು ಸುಮ್ಮನಿರುವುದಿಲ್ಲ. ಅಂದಕ್ಕೆ ಅಂತ ಹಲಗೆಯಲ್ಲೇ ಏಳೆಂಟು ಸಣ್ಣ ತೂತು ಕೊರೆದು ಅದನ್ನೇ ಗ್ರಿಲ್ ಅನ್ನುವವರಿದ್ದಾರೆ. ಅದು ಬಾಯಿಗೆ ಕೈ ಅಡ್ಡ ಇಟ್ಟು ಹಾಡಿದ ಹಾಗೆ. ಲೋಹದ ಜಾಲರಿಯಲ್ಲಿ ತೂತಿನ ಭಾಗ ಹತ್ತಿರ ಹತ್ತಿರ ಅರ್ಧದಷ್ಟಾದರೂ ಇರಲಿ.

ಹಂತ 8: ಪ್ಲಸ್-ಮೈನಸ್ ಸರಿಯಿದೆಯಾ?

ಒಂದು ಸ್ಪೀಕರ್‌ನ ವೈರ್ ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಮಾನೋ ಆಟಗಳಲ್ಲಿ ದಪ್ಪ ದನಿ ಪೂರ್ತಿ ಸೊರಗುತ್ತದೆ, ಸದ್ದು ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುವುದಿಲ್ಲ. "ಸ್ಪೀಕರ್ ಸರಿಯಿಲ್ಲ" ಅಂತ ಬರುವ ದೂರುಗಳಲ್ಲಿ ಇದೂ ಒಂದು.

ಸೆಲ್ ಈಗ ತೆಗೆಯಿರಿ. ಆಂಪ್‌ನಿಂದ ಸ್ಪೀಕರ್ ವೈರ್ ಬಿಚ್ಚಿ, ಆ ವೈರ್ ತುದಿಗಳನ್ನು 1.5 ವೋಲ್ಟ್ ಸೆಲ್‌ಗೆ ಒಂದು ಕ್ಷಣ ತಾಗಿಸಿ. ಟಪ್ ಅಂತ ಕೋನ್ ಹೊರಗೆ ಬಂದರೆ ಸೆಲ್‌ನ ಪ್ಲಸ್‌ಗೆ ತಾಗಿರುವ ವೈರೇ ಸ್ಪೀಕರ್‌ನ ಪ್ಲಸ್. ಒಂದು ತುಂಡು ಕೆಂಪು ಟೇಪ್ ಸುತ್ತಿ. ಇನ್ನೊಂದಕ್ಕೂ ಹೀಗೇ ಮಾಡಿ. ವೈರ್ 1 ಚದರ ಮಿಲಿಮೀಟರ್ ದಪ್ಪ ಇದ್ದರೆ ಈ ದೂರಕ್ಕೆ ಬೇಕಾದಷ್ಟಾಯಿತು.

ಹಂತ 9: ಗುಂಯ್ ಮತ್ತು ಗಿರಗಿರ

ಎರಡು ಬಗೆಯ ಕಾಟ ಬರುತ್ತದೆ. ಗುಂಯ್ ಅನ್ನುವುದು ವೈರಿನಿಂದ, ಗಿರಗಿರ ಅನ್ನುವುದು ಮರದಿಂದ.

ಗುಂಯ್ ಬಂದರೆ ಆಂಪ್‌ನ ಇನ್‌ಪುಟ್ ವೈರ್ ಕಿತ್ತು, ಅದಕ್ಕೆ ಚಾರ್ಜರ್ ಹಾಕದ ಫೋನ್ ಸಿಕ್ಕಿಸಿ ಹಾಡು ಹಾಕಿ. ಗುಂಯ್ ಹೋಯಿತಾ? ಹಾಗಾದರೆ ಗ್ರೌಂಡ್ ಲೂಪ್. ಕಂಪ್ಯೂಟರ್‌ನ ಗ್ರೌಂಡ್, ಆಂಪ್‌ನ ಗ್ರೌಂಡ್ ಎರಡು ಬೇರೆ ದಾರಿಯಲ್ಲಿ ಕೂಡಿಕೊಂಡು ಒಂದು ಬಳೆಯಾಗಿದೆ, ಅದರಲ್ಲಿ ಕರೆಂಟಿನ ಗುನುಗು ಹರಿಯುತ್ತಿದೆ. ಮೊದಲು ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡ್‌ಗೆ ಹಾಕಿ ನೋಡಿ. ಹೋಗದಿದ್ದರೆ ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಪುಟ್ಟ ಡಬ್ಬಿ ಸಿಗುತ್ತದೆ, ಆಡಿಯೋ ವೈರ್ ಮಧ್ಯೆ ಹಾಕಿ. ಫೋನ್ ಹಾಕಿದಾಗಲೂ ಗುಂಯ್ ಇದ್ದರೆ ಅಡಾಪ್ಟರ್ ಬದಲಿಸಿ. ಪ್ಲಗ್‌ನ ಅರ್ತ್ ಪಿನ್ ಕಿತ್ತರೆ ಗುಂಯ್ ಹೋಗುತ್ತದೆ ಅಂತ ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ. ನಿಮ್ಮ ಜೀವ ಕಾಯುವ ಪಿನ್ ಅದು.

ಗಿರಗಿರ ಹಿಡಿಯಲು ಫೋನ್‌ನಲ್ಲಿ ಟೋನ್ ಜನರೇಟರ್ ಆಪ್ ಹಾಕಿಕೊಳ್ಳಿ. 50 ಹರ್ಟ್ಜ್‌ನಿಂದ 300ರವರೆಗೆ ನಿಧಾನವಾಗಿ ಏರಿಸಿ. ಎಲ್ಲೋ ಒಂದು ಕಡೆ ಏನೋ ಒಂದು ಬುರ್ರ್ ಅನ್ನಲು ಶುರುವಾಗುತ್ತದೆ. ಅಲ್ಲಿಗೇ ನಿಲ್ಲಿಸಿ, ಅಂಗೈಯಿಂದ ಒಂದೊಂದೇ ಭಾಗ ಒತ್ತುತ್ತಾ ಹೋಗಿ. ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ. ಸಾಮಾನ್ಯವಾಗಿ ಮಾರ್ಕ್ವೀಯ ಅಕ್ರಿಲಿಕ್ ಹಾಳೆ, ಕಾಯಿನ್ ಡೋರ್‌ನ ತಗಡು ಮುಚ್ಚಳ, ಹಿಂದಿನ ಬಾಗಿಲು, ಇಲ್ಲದಿದ್ದರೆ ಒಳಗೆ ಬಿದ್ದ ಒಂದು ವಾಷರ್. ತಾಗುವ ಕಡೆ ಉಳಿದ ಫೋಮ್ ಟೇಪ್ ಅಂಟಿಸಿ.

ಸಬ್‌ವೂಫರ್ (ದಪ್ಪ ದನಿಗೆಂದೇ ಇರುವ ಸ್ಪೀಕರ್) ಬೇಕಾ ಅನ್ನುವವರು ಈ ಪರೀಕ್ಷೆ ಮೊದಲು ಮಾಡಲಿ. ಚಿಕ್ಕ ಸ್ಪೀಕರ್‌ಗೇ ನಡುಗುವ ಕ್ಯಾಬಿನೆಟ್‌ಗೆ ಸಬ್‌ವೂಫರ್ ಇಟ್ಟರೆ ಗುಜರಿ ಗಾಡಿ ಸದ್ದು ಬರುತ್ತದೆ. ಇಡಲೇಬೇಕು ಅಂದರೆ ಕೆಳಗೆ ನೆಲದ ಹತ್ತಿರ ಇಡಿ. ದಪ್ಪ ದನಿಗೆ ದಿಕ್ಕಿನ ಹಂಗಿಲ್ಲ, ಮುಖ ಯಾವ ಕಡೆ ಇದ್ದರೂ ನಡೆಯುತ್ತದೆ.

ಹಂತ 10: ವಾಲ್ಯೂಮ್ ಎಲ್ಲಿ, ಎಷ್ಟು

ವಾಲ್ಯೂಮ್ ತಿರುಗಣೆ ಬಾಗಿಲು ತೆಗೆಯದೆ ಕೈಗೆ ಸಿಗಬೇಕು, ಆದರೆ ಆಡುವ ಭರದಲ್ಲಿ ಕೈ ತಗುಲಬಾರದು. ಕಂಟ್ರೋಲ್ ಪ್ಯಾನೆಲ್‌ನ ಅಡಿಭಾಗ ಒಳ್ಳೆಯ ಜಾಗ. ಬೋರ್ಡ್‌ನಲ್ಲಿರುವ ತಿರುಗಣೆಯನ್ನು ಬಿಚ್ಚಿ ಅಲ್ಲಿಗೆ ವೈರ್ ಎಳೆಯುವುದಾದರೆ ಶೀಲ್ಡ್ ಇರುವ ವೈರೇ ಹಾಕಿ, ಇಲ್ಲದಿದ್ದರೆ ಗುಂಯ್ ಮತ್ತೆ ಬರುತ್ತದೆ. ಹೊಸ ತಿರುಗಣೆ ಕೊಳ್ಳುವಾಗ "ಲಾಗ್" ಬಗೆಯದು, ಸ್ಟೀರಿಯೋಗೆ ಎರಡು ಪದರದ್ದು ಕೇಳಿ. "ಲೀನಿಯರ್" ತಂದರೆ ಮೊದಲ ಕಾಲು ಸುತ್ತಿನಲ್ಲೇ ಸದ್ದೆಲ್ಲ ಬಂದು, ಉಳಿದ ಮುಕ್ಕಾಲು ಸುತ್ತು ದಂಡ.

ಮಟ್ಟ ಹೊಂದಿಸುವ ಕ್ರಮ ಹೀಗೆ. ಕಂಪ್ಯೂಟರ್ ಅಥವಾ ಪೈನ ವಾಲ್ಯೂಮ್ 80 ಪ್ರತಿಶತಕ್ಕೆ ಇಡಿ. ಆಂಪ್ ತಿರುಗಣೆಯನ್ನು ಸೊನ್ನೆಯಿಂದ ಏರಿಸುತ್ತಾ, ಅತಿ ಗದ್ದಲದ ಆಟ ಹಾಕಿ, ಸದ್ದು ಒಡೆಯುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸಿ. ಅಲ್ಲೊಂದು ಗುರುತು ಹಾಕಿ. ಆಟದಿಂದ ಆಟಕ್ಕೆ ಸದ್ದು ಏರುಪೇರಾಗುತ್ತದೆ, ಅದಕ್ಕೆ ತಿರುಗಣೆ ಮುಟ್ಟಬೇಡಿ. ಮೇಮ್‌ನಲ್ಲಿ (ಹಳೆಯ ಆರ್ಕೇಡ್ ಆಟಗಳನ್ನು ಕಂಪ್ಯೂಟರ್‌ನಲ್ಲಿ ನಡೆಸುವ ಸಾಫ್ಟ್‌ವೇರ್) ಆಟ ನಡೆಯುವಾಗ ಟ್ಯಾಬ್ ಕೀ ಒತ್ತಿ, ಸ್ಲೈಡರ್ ಕಂಟ್ರೋಲ್ಸ್‌ಗೆ ಹೋಗಿ ಅದೊಂದೇ ಆಟದ ಸದ್ದು ಇಳಿಸಬಹುದು.

ಆನ್ ಮಾಡಿದಾಗ ಸ್ಪೀಕರ್ "ಧಬ್" ಅಂದರೆ ಆಂಪ್‌ಗೆ ಕರೆಂಟ್ ಬೇಗ ಹೋಗುತ್ತಿರಬಹುದು. ಕಂಪ್ಯೂಟರ್ ಎದ್ದ ಮೇಲೆ ಆಂಪ್ ಆನ್ ಆಗುವಂತೆ ಅದಕ್ಕೊಂದು ಟೈಮರ್ ರಿಲೇ (ತಡವಾಗಿ ಆನ್ ಮಾಡುವ ಸ್ವಿಚ್) ಹಾಕಿ. ಹಿಂದಿನ ಬಾಗಿಲಿಗೆ ಸ್ಕ್ರೂ ಹಾಕುವುದನ್ನು ಮಾತ್ರ ಒಂದು ವಾರ ಮುಂದೂಡಿ, ಹೇಗೂ ನಾಲ್ಕೈದು ಸಲ ಬಿಚ್ಚುತ್ತೀರಿ.